ಗುಂಡು ತೂಗುವ ಉಚ್ಚಂಗೆಮ್ಮ

ಬೆಳಗಿನ ಐದೂಮುಕ್ಕಾಲು. ಹೊಸಪೇಟೆ ಹೊರವಲಯದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಉಚ್ಚಂಗೆಮ್ಮ ಉಕ್ಕಿನ ಡಬ್ಬಿಯೊಂದಕ್ಕೆ ಅಂಗೈ ಒತ್ತಿ ನಿಂತಿದ್ದಾರೆ. ನನ್ನ ಕೈ ಮುಚ್ಚಳದ ಕಡೆ ಹೋದದ್ದೇ ತಡ, ಗದರುತ್ತಾರೆ: "ಮುಟ್ಟಬ್ಯಾಡ್ರಿ! ಇನ್ನಾ ಬೆಚ್ಚಗೈತಿ. ಈಗ ತೆಗದ್ರ ಪುಡಿಗೆ ಗಾಳಿ ತಾಕಿ ಭಗ್ ಅಂತೈತಿ. ಕುಂದ್ರಿ, ಚಾ ಕುಡೀರಿ."

ಕೂತೆ. ಈ ಕೋಣೆಯಲ್ಲಿ ಪ್ರೊಫೆಸರರೂ ಹೀಗೇ ಕೂರುತ್ತಾರಂತೆ.

ಡಬ್ಬಿಯಲ್ಲಿರುವುದು ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ, ಅಲ್ಯೂಮಿನಿಯಂ ಪುಡಿ. ಸಾಮಾನ್ಯ ಮಿಶ್ರಲೋಹದಲ್ಲಿ ಒಂದು ಲೋಹ ಯಜಮಾನ, ಉಳಿದವು ಚಿಟಿಕೆಯಷ್ಟು. ಇಲ್ಲಿ ಐದಕ್ಕೂ ಸಮಪಾಲು. ಹೈ ಎಂಟ್ರೊಪಿ ಮಿಶ್ರಲೋಹವೆಂದು ಹೆಸರು. ಕುಲುಮೆಯಿಲ್ಲ, ಕರಗಿಸುವುದಿಲ್ಲ. ಡಬ್ಬಿಯೊಳಗೆ ಉಕ್ಕಿನ ಗುಂಡುಗಳನ್ನೂ ಹಾಕಿ ಗಿರಣಿಯಲ್ಲಿ ನಲವತ್ತು ಗಂಟೆ ತಿರುಗಿಸುತ್ತಾರೆ. ಗುಂಡಿನ ಏಟಿಗೆ ಪುಡಿ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಒಡೆಯುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಕೊನೆಗೆ ಐದೂ ಒಂದೇ ಹರಳಿನ ರಚನೆಯೊಳಗೆ ಬೆರೆಯುತ್ತವೆ. ಎಕ್ಸ್‌ರೇ ನಕ್ಷೆಯಲ್ಲಿ ಒಂದೊಂದು ಲೋಹಕ್ಕೂ ಬೇರೆ ಬೇರೆ ನಿಂತಿದ್ದ ಶಿಖರಗಳು ಅಗಲವಾಗಿ ಒಂದಾಗುತ್ತವೆ.

ಕುರೆಕುಪ್ಪದ ಉಚ್ಚಂಗೆಮ್ಮ ಸಂಡೂರಿನ ಗಣಿಯೊಂದರಲ್ಲಿ ಹನ್ನೊಂದು ವರ್ಷ ಅದಿರು ಜರಡಿ ಹಿಡಿದವರು. ಗಣಿ ನಿಂತಿತು. ಎರಡು ವರ್ಷ ಸಿಕ್ಕಸಿಕ್ಕ ಕೂಲಿ, ಆಮೇಲೆ ಇಲ್ಲಿ ಕಸ ಗುಡಿಸುವ ಕೆಲಸ. ಗಿರಣಿ ಒರೆಸುತ್ತಲೇ ಅದನ್ನು ನಡೆಸುವುದನ್ನೂ ಕಲಿತರು. ಪ್ರತಿ ಸಲ ಪುಡಿ ಐವತ್ತು ಗ್ರಾಂ, ಗುಂಡು ಐನೂರು ಗ್ರಾಂ. ಹಾಕುವ ಮುಂಚೆ ಗುಂಡು ತೂಗುತ್ತಾರೆ, ತೆಗೆದ ಮೇಲೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ.

"ಗಣ್ಯಾಗ ನನ್ನ ಜರಡಿ ಸವದು ತೂತು ದೊಡ್ಡದಾಗಿತ್ತು. ನಾ ನೋಡ್ಲಿಲ್ಲ. ದಪ್ಪ ಅದಿರು ಇಳದು ಭಾಳ ಬೈಸ್ಕೊಂಡೆ. ಆವತ್ತಿಂದ ಸಾಮಾನು ನಂಬಂಗಿಲ್ರಿ ನಾನು."

ಕಳೆದ ವರ್ಷ ಇಲ್ಲಿನ ಸಂಶೋಧಕಿ ಅಪೇಕ್ಷಾ ತಮ್ಮ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಪರೀಕ್ಷಿಸಿದಾಗ ಗಡಸುತನ ವಿಕರ್ಸ್ ಮಾಪನದಲ್ಲಿ ಏಳುನೂರಾ ಎಂಬತ್ತು ಬಂತು. ಲ್ಯಾಬಿನಲ್ಲಿ ಹಬ್ಬವೋ ಹಬ್ಬ. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ಒಂದೇ ತಿಂಗಳಿತ್ತು. ಆಗ ಉಚ್ಚಂಗೆಮ್ಮ ನೋಟ್‌ಬುಕ್ ಮುಂದಿಟ್ಟರು: ಹೊಸ ಗುಂಡುಗಳು ಎರಡು ಗ್ರಾಂ ಸವೆದಿದ್ದವು. ಸವೆದ ಉಕ್ಕು ಪುಡಿಯೊಳಗೇ ಸೇರಿತ್ತು. ಸಮಪಾಲು ಕೆಟ್ಟಿತ್ತು. ಮುಚ್ಚಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಉಚ್ಚಂಗೆಮ್ಮನ ಆ ಧೈರ್ಯಕ್ಕೆ ತಲೆಬಾಗಬೇಕೆನಿಸುತ್ತದೆ ನನಗೆ.

"ಎದಿ ಧಸಕ್ ಅಂತು," ಎನ್ನುತ್ತಾರೆ ಅಪೇಕ್ಷಾ. "ಲೋಹದ ಪುಡಿ ಇನ್ನ ಎರಡ ಸಲಕ್ಕ ಆಗೋಷ್ಟಿತ್ತು. ಮತ್ತ ಗುಂಡು ಸವದ್ರ ನನ್ನ ಪಿಎಚ್‌ಡಿ ಕಥಿ ಮುಗೀತು ಅಂದ್ಕೊಂಡೆ."

ಉಚ್ಚಂಗೆಮ್ಮನ ಬಳಿ ಉಪಾಯವಿತ್ತು. "ಒಂದ್ ಸಲದ್ದು ಗುಂಡಿಗೇ ತಿನಸ್ರಿ ಅಂದೆ. ಹೊಸ ಹಂಚಿನ್ಯಾಗ ಮೊದಲ್ನೇ ದ್ವಾಸಿ ಯಾರ್ ತಿಂತಾರ್ರೀ?"

ಉಳಿದ ಪುಡಿಯಲ್ಲಿ ಅರ್ಧವನ್ನು ಬೇಕೆಂದೇ ಹಾಳುಮಾಡುವುದು! ಅಪೇಕ್ಷಾ ಒಪ್ಪಿದರು. ಆ ಪುಡಿ ಗುಂಡುಗಳಿಗೂ ಡಬ್ಬಿಯ ಒಳಮೈಗೂ ತೆಳುವಾಗಿ ಮೆತ್ತಿಕೊಂಡು, ಉಕ್ಕು ಸವೆಯದಂತೆ ಹೊದಿಕೆಯಾಯಿತು. ಮಿಕ್ಕದ್ದನ್ನು ಚೆಲ್ಲಿ, ಕಟ್ಟಕಡೆಯ ಐವತ್ತು ಗ್ರಾಂ ಹಾಕಿದರು. ಈ ಸಲ ಗುಂಡಿನ ತೂಕ ಹೆಚ್ಚುಕಡಿಮೆ ಹಾಗೇ ಉಳಿಯಿತು, ಪರೀಕ್ಷೆಯಲ್ಲಿ ಐದೂ ಲೋಹ ಸಮ ಬಂದವು. ಗಡಸುತನ ಮಾತ್ರ ಏಳುನೂರಾ ಹತ್ತು. ಅಪೇಕ್ಷಾ ಆ ಅಂಕಿಯನ್ನೇ ಬರೆದರು, ಪದವಿಯೂ ಸಿಕ್ಕಿತು.

"ಎಪ್ಪತ್ತು ಕಡಿಮಿ ಬಂತು ಅಂತ ಮೇಡಂ ಅವತ್ತು ಮಾರಿ ಸಣ್ಣದು ಮಾಡಿದ್ರು," ಎಂದು ಉಚ್ಚಂಗೆಮ್ಮ ನಗುತ್ತಾರೆ. "ನಾ ಅಂದೆ, ಮೊದಲಿಂದ್ರಾಗ ಗುಂಡಿಂದೂ ಪಾಲಿತ್ರಿ. ಇದು ಪೂರಾ ನಿಮ್ದು. ಧೈರ್ಯದಿಂದ ತಗೊಂಡ್ ಹೋಗ್ರಿ."