ತಡೀರಿ ಎಂದವನ ಹೊಣೆ

೧೯೯೭ರಲ್ಲಿ ನಾನು ಚಿಂಚೋಳಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೂನಿಯರ್ ಟೆಲಿಕಾಂ ಆಫೀಸರ್. ಹೊರೂರಿನ ಕರೆಗಳೆಲ್ಲ ಹೋಗಬೇಕಾದ ಗುಲ್ಬರ್ಗಕ್ಕೆ ಇದ್ದದ್ದು ಎಂಟೇ ಟ್ರಂಕ್ ಲೈನು. ಬೆಳಗ್ಗೆ ಹತ್ತಾದರೆ ಸಾಕು, ಎಂಟೂ ತುಂಬಿಹೋಗುತ್ತಿದ್ದವು. ಎಂಗೇಜ್ ಟೋನ್ ಬಂದ ಕೂಡಲೇ ಪಕ್ಕದ ಚಂದಾಪುರದ ಎಸ್‌ಟಿಡಿ ಅಂಗಡಿಯವರು ರಿಡೈಲ್ ಒತ್ತುತ್ತಿದ್ದರು. ಒತ್ತಿದ ಪ್ರತಿ ಕರೆಗೂ ಎಕ್ಸ್‌ಚೇಂಜ್ ದಾರಿ ಹುಡುಕಿ ‘ಇಲ್ಲ’ ಎನ್ನಬೇಕು. ಇಲ್ಲ ಎನ್ನುವುದರಲ್ಲೇ ಸುಸ್ತಾಗಿ, ಖಾಲಿಯಾದ ಲೈನನ್ನೂ ಅದು ಕೊಡುತ್ತಿರಲಿಲ್ಲ.

ಅಂಗಡಿಯವರನ್ನೂ ಹೆರಿಗೆ ಆಸ್ಪತ್ರೆಯ ಡಾಕ್ಟರ್ ಸುನಂದಾ ಅವರನ್ನೂ ಕರೆಸಿ ಒಪ್ಪಂದ ಮಾಡಿಸಿದೆ. ಲೈನ್ ಸಿಗದಿದ್ದರೆ ಎರಡು ನಿಮಿಷ ತಡೆಯಬೇಕು. ಮತ್ತೆ ಸಿಗದಿದ್ದರೆ ನಾಲ್ಕು, ಆಮೇಲೆ ಎಂಟು. ಒಂದು ವಾರ ಎಲ್ಲರ ಕರೆಯೂ ಸಲೀಸಾಗಿ ಹೋಯಿತು. ನಾನು ಬೀಗಿದೆ.

ಎರಡನೆಯ ವಾರ ಮತ್ತೆ ಅದೇ ಗೋಳು. ಕಾರಣ ತಿಳಿಯದೆ ಒಳಗೂ ಹೊರಗೂ ತಿರುಗುತ್ತಿದ್ದಾಗ ಡಾಕ್ಟರ್ ಸುನಂದಾ ಏದುಸಿರು ಬಿಡುತ್ತ ಬಂದರು. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಂತಿರಲಿಲ್ಲ. ಗುಲ್ಬರ್ಗದಿಂದ ರಕ್ತ ತರಿಸಬೇಕಿತ್ತು.

"ನೀವ್ ಹೇಳಿದಂಗ ತಡದೀನ್ರಿ. ಎರಡು, ನಾಕು, ಎಂಟು ನಿಮಿಷ. ಆ ಹೆಣ್ಮಗಳಿಗಿ ಇನ್ನೆಷ್ಟು ತಡಿ ಅನ್ಲಿ?"

ನಾಚಿಕೆಯಿಂದ ಕುಗ್ಗಿಹೋದೆ. ಲೈನು ಪರೀಕ್ಷಿಸುವ ಟೆಸ್ಟ್ ಡೆಸ್ಕಿನಿಂದ ನಾನೇ ಒಂದು ಲೈನ್ ಹಿಡಿದು ಅವರಿಗೆ ಕೊಟ್ಟೆ. ಮಧ್ಯಾಹ್ನ ಜೀಪಿನಲ್ಲಿ ರಕ್ತ ಬರುವವರೆಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಂಗಸು ಉಳಿದಳು.

ಕರೆಗಳ ಪ್ರಿಂಟೌಟ್ ತೆಗೆಸಿದೆ. ಮೊದಲು ಮಾತು ಮುರಿದದ್ದು ಒಂದು ಎಸ್‌ಟಿಡಿ ಅಂಗಡಿಯ ಕಾಶಿನಾಥ. ಅವನನ್ನು ನೋಡಿ ಉಳಿದವರು. ಜಗಳಕ್ಕೆಂದೇ ಹೋದೆ. ಅವನು ಕುರ್ಚಿ ಸರಿಸಿಕೊಟ್ಟು, "ಸಬರ್ ಮಾಡಿ ಕಾದವ್ರಿಗಿ ಲೈನ್ ಸಿಗಂಗಿಲ್ಲಂದ್ರ ಯಾರ್ ಸಬರ್ ಮಾಡ್ತಾರ್ರಿ, ಸಾಹೇಬ್ರ?" ಎಂದ. ಜಗಳ ಬಿಟ್ಟು ವಾಪಸಾದೆ.

ಮರುದಿನದಿಂದ ಆಯಾ ದಿನದ ಪ್ರಿಂಟೌಟನ್ನು ಎಕ್ಸ್‌ಚೇಂಜಿನ ಬಾಗಿಲಿಗೆ ಅಂಟಿಸತೊಡಗಿದೆ. ಅವಸರಪಟ್ಟವರಿಗೆ ಮಾರನೆಯ ಬೆಳಗ್ಗೆ ಒಂದು ಗಂಟೆ ಎಸ್‌ಟಿಡಿ ಬಂದ್. ಆಮೇಲೆ ಹಳೆಯದೆಲ್ಲ ಮಾಫ್. ಆಸ್ಪತ್ರೆಗೆ ಕಾಯುವ ನಿಯಮವೇ ಇಲ್ಲ. ಮೇಲಿನವರನ್ನು ಕೇಳಲೂ ಹೋಗಲಿಲ್ಲ. ತಿಂಗಳೊಳಗೆ ಕಾಶಿನಾಥನೇ ಉಳಿದವರನ್ನು ಗದರತೊಡಗಿದ.

೨೦೦೩ರಲ್ಲಿ ಇಂಟರ್ನೆಟ್ ತರಬೇತಿಗೆ ಹೋದಾಗ ಟಿಸಿಪಿ ಎಂಬ ನಿಯಮದ ಪಾಠವಾಯಿತು. ಕಳಿಸಿದ ಮಾಹಿತಿಯ ತುಣುಕು, ಅಂದರೆ ಪ್ಯಾಕೆಟ್, ಕಳೆದುಹೋದರೆ, ದಾರಿ ಕಿಕ್ಕಿರಿದಿದೆ ಎಂದು ತಿಳಿದು ಕಂಪ್ಯೂಟರ್ ತನ್ನ ವೇಗವನ್ನು ಅರ್ಧಕ್ಕಿಳಿಸುತ್ತದೆ. ಇಳಿಸದ ಒಂದು ಕಂಪ್ಯೂಟರ್ ಇದ್ದರೆ ಉಳಿದವುಗಳ ಪಾಲನ್ನೂ ಅದೇ ನುಂಗುತ್ತದೆ. ಗೇಮ್ ಥಿಯರಿ ಹೇಳುವ ಸಹಕಾರದ ಲೆಕ್ಕವೂ ಇದೇ ಎಂದರು ಮೇಷ್ಟ್ರು: ಎಲ್ಲರೂ ತಗ್ಗಿದರೆ ಎಲ್ಲರಿಗೂ ಲಾಭ, ಒಬ್ಬರೇ ತಗ್ಗಿದರೆ ಅವರಿಗೇ ನಷ್ಟ. ಉಳಿದವರು ಬರೆದುಕೊಂಡರು. ನಾನು ಎರಡು, ನಾಲ್ಕು, ಎಂಟು ಎಂದು ಬರೆದು ಕೂಡಿಸಿದೆ.

ಜನರಿಗೆ ತಡೆಯಿರಿ ಎನ್ನುವ ಮುಂಚೆ, ನುಗ್ಗುವವರನ್ನು ತಡೆಯುವುದು ನನ್ನ ಕೆಲಸವಾಗಿತ್ತು. ಅದನ್ನು ಮಾಡದೆ ಹೋದ ಹದಿನಾಲ್ಕು ನಿಮಿಷಕ್ಕೆ ಆ ಹೆಂಗಸು ತನ್ನ ರಕ್ತ ತೆತ್ತಳು.