ಬೇರೆ ಪಾತ್ರೆಯ ಪಾಯಸ

ಸಿರಿ, ನಿನ್ನ ಅಮ್ಮ ನಿನ್ನ ಅಪ್ಪನ ಪಾಯಸಕ್ಕೆ ಏನನ್ನೂ ಹಾಕಿರಲಿಲ್ಲ. ಸಕ್ಕರೆಯನ್ನು ಕೂಡ ಹಾಕಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಅಷ್ಟಕ್ಕೇ ನಿಂತಿದ್ದರೆ ಚಿಕ್ಕಪ್ಪ ಹೇಡಿ ಅಂತ ಬೈದು ನೀನು ಸುಮ್ಮನಾಗಬಹುದಿತ್ತು. ನಾನು ಅಷ್ಟಕ್ಕೆ ನಿಲ್ಲಲಿಲ್ಲ — ಆ ಪಾಯಸಕ್ಕೆ ನಾನೇ ವಿಷ ಹಾಕಿದೆ, ಸಿನಿಮಾದಲ್ಲಿ, ಊರೆಲ್ಲ ನೋಡಲಿ ಅಂತ.

ಎದುರಿಗೆ ಕೂತು ಹೇಳಬೇಕಾದ ಮಾತು ಇದು. ನಿನ್ನ ಹತ್ತಿರ ಹೇಳಲು ಎರಡು ಸಲ ಬಂದೆ, ಎರಡು ಸಲವೂ ಕಾಫಿ ಕುಡಿದು ಎದ್ದುಹೋದೆ. ಪರದೆಯ ಮೇಲಿನವರಿಗೆಲ್ಲ ಮಾತು ಬರೆದುಕೊಟ್ಟು ಹೊಟ್ಟೆ ಹೊರೆದವನಿಗೆ ತನ್ನದೇ ಒಂದು ಮಾತು ಆಡಲು ಬಾಯಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ನನ್ನ ಅಪ್ಪನಿಗೂ ಇತ್ತು, ನಿನಗೆ ಗೊತ್ತು — ಕಾಲು ತೆಗೆಯಬೇಕಾಯಿತು, ಆಮೇಲೆ ಅವರೇ ಹೋದರು. ಆ ಕಾಲಿನ ಹುಣ್ಣು ತೊಳೆದವಳು ನಿನ್ನ ಅಜ್ಜಿ. ತನಗೂ ಅದೇ ಬಂದಿದೆ ಅಂತ ತಿಳಿದ ದಿನ ಅಣ್ಣ ಮನೆಗೆ ಬರದೆ ಜಯನಗರದ ಪಾರ್ಕಿನಲ್ಲಿ ನನ್ನನ್ನು ಕೂರಿಸಿಕೊಂಡ. "ಅಮ್ಮಂಗೆ ಹೇಳ್ಬೇಡ ಕಣೋ. ಇನ್ನೊಂದ್ಸಲ ಅದನ್ನೆಲ್ಲ ಅವಳು ನೋಡೋದು ಬೇಡ," ಅಂದ. ಗುಟ್ಟು ಗೊತ್ತಿದ್ದದ್ದು ಅತ್ತಿಗೆಗೆ ಮತ್ತು ನನಗೆ. ಮಾತ್ರೆಗಳು ಅವನ ಆಫೀಸಿನಲ್ಲೇ ಇರುತ್ತಿದ್ದವು. ಹೃದಯದ ಬಗ್ಗೆ ಹುಷಾರಾಗಿರಬೇಕು ಅಂತ ಡಾಕ್ಟರು ಎಚ್ಚರಿಸಿದಾಗ ಪಕ್ಕದ ಕುರ್ಚಿಯಲ್ಲಿ ಇದ್ದವನೂ ನಾನೇ.

ಆದರೆ ಹಬ್ಬದ ದಿನ ಮಗ ಸಿಹಿ ಮುಟ್ಟದಿದ್ದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಅದಕ್ಕೆ ನಿನ್ನ ಅಮ್ಮ ಒಂದು ದಾರಿ ಹುಡುಕಿದರು. ಎಲ್ಲರಿಗೂ ದೊಡ್ಡ ಪಾತ್ರೆಯಲ್ಲಿ ಶಾವಿಗೆ ಪಾಯಸ, ಅಣ್ಣನಿಗೆ ಮುಚ್ಚಳವಿದ್ದ ಒಂದು ಚಿಕ್ಕ ಪಾತ್ರೆಯಲ್ಲಿ ಬೇರೆ. ಅದೇ ಹಾಲು, ಅದೇ ಏಲಕ್ಕಿ, ಸಕ್ಕರೆ ಮಾತ್ರ ಇಲ್ಲ. ಆ ಸಪ್ಪೆ ಶಾವಿಗೆಯನ್ನು ಅಣ್ಣ "ಆಹಾ" ಅನ್ನುತ್ತಾ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ನಾನು ನಗು ತಡೆದುಕೊಂಡು ನನ್ನ ಎಲೆ ನೋಡುತ್ತಿದ್ದೆ.

ನಿನ್ನ ಅಜ್ಜಿಯ ಕಣ್ಣು ಮಾತ್ರ ಆ ಚಿಕ್ಕ ಪಾತ್ರೆಯ ಮೇಲೆ ಬಿದ್ದಿತ್ತು.

ಒಂದು ಯುಗಾದಿಯ ದಿನ ಊಟ ಮಾಡಿ ಮಲಗಿದ ಅಣ್ಣ ಏಳಲಿಲ್ಲ. ಹೃದಯಾಘಾತ ಅಂದರು ಡಾಕ್ಟರು. ನೀನು ಆಗಿನ್ನೂ ಒಂದನೇ ಕ್ಲಾಸು. ವೈಕುಂಠ ಸಮಾರಾಧನೆ ಮುಗಿದ ಸಂಜೆ, ಬಂದವರೆಲ್ಲ ಹೋದ ಮೇಲೆ, ಅಜ್ಜಿ ನಡುಮನೆಯಲ್ಲಿ ನಿಂತು ಕೇಳಿದಳು: "ನನ್ನ ಮಗನಿಗೆ ಹಬ್ಬಹಬ್ಬಕ್ಕೂ ಬೇರೆ ಪಾತ್ರೇಲಿ ಏನು ಬೇಯಿಸಿ ಹಾಕ್ತಿದ್ದೆ? ಕೈಮದ್ದಾ?" ಗಂಡನನ್ನು ಮುಷ್ಟಿಯಲ್ಲಿ ಇಟ್ಟುಕೊಳ್ಳಲು ಹೆಂಡತಿ ಊಟದಲ್ಲಿ ಬೆರೆಸುತ್ತಾಳೆ ಅನ್ನುವ ಆ ಮದ್ದಿನ ಕಥೆಗಳನ್ನು ಅಜ್ಜಿ ಚಿಕ್ಕಂದಿನಿಂದ ಕೇಳಿ ಬೆಳೆದವಳು.

ಅತ್ತಿಗೆ ನಿಜ ಹೇಳಿಬಿಟ್ಟರು. "ಸಕ್ಕರೆ ಕಾಯಿಲೆ ಇತ್ತು ಅತ್ತೆ. ನಿಮಗೆ ಹೇಳ್ಬೇಡ ಅಂದಿದ್ರು. ಬೇಕಾದ್ರೆ ಇವನನ್ನ ಕೇಳಿ."

ಅಜ್ಜಿ ನನ್ನ ಕಡೆ ತಿರುಗಿದಳು. "ಹೌದೇನೋ? ನಿಂಗೊತ್ತಿತ್ತಾ?"

"ನಂಗೊತ್ತಿಲ್ಲಮ್ಮ," ಅಂದೆ.

ಯಾಕೆ ಅಂದೆ? ಎಷ್ಟೋ ಉತ್ತರಗಳನ್ನು ಹೊಲಿದು ಹಾಕಿಕೊಂಡು ನೋಡಿದ್ದೇನೆ, ಯಾವುದೂ ಮೈಗೆ ಆಗಲಿಲ್ಲ. ಅಮ್ಮ ಆಗಷ್ಟೇ ಒಬ್ಬ ಮಗನನ್ನು ಕಳೆದುಕೊಂಡಿದ್ದಳು, ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಇನ್ನೊಬ್ಬನ ಮುಖವನ್ನೂ ನೋಡದೆ ಹೋದರೆ — ಹೆದರಿದೆ. ಅಷ್ಟೇ. ಅತ್ತಿಗೆ ನನ್ನನ್ನು ನೋಡಿದರು. ಅವತ್ತಿನಿಂದ ಆ ಮನೆಯ ಒಲೆ ಮುಟ್ಟಲು ಅವರಿಗೆ ಅಪ್ಪಣೆ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಬಿಟಿಎಂ ಲೇಔಟಿನ ನಿನ್ನ ಸೋದರಮಾವನ ಮನೆಗೆ ಹೋದರು, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಸ್ಕೂಲು ಹತ್ತಿರ ಅಂತ ನೆಪ ಹೇಳಿ ನಿನ್ನನ್ನು ನಾವು ಜಯನಗರದಲ್ಲೇ ಇಟ್ಟುಕೊಂಡೆವು.

ಇನ್ನು ಸಿನಿಮಾ.

ನಮ್ಮ ಸಿನಿಮಾಗಳಲ್ಲಿ ಊಟಕ್ಕೆ ಇರುವಷ್ಟು ಕಂಟಕ ಬೇರೆ ಯಾವುದಕ್ಕೂ ಇಲ್ಲ. ಹಾಲಿನ ಲೋಟ ಕ್ಯಾಮೆರಾದ ಹತ್ತಿರ ಬಂತು ಅಂದರೆ ವಿಷ ಬಿತ್ತು ಅಂತಲೇ ಲೆಕ್ಕ. ಪಾಪದ ಬೆಕ್ಕೊಂದು ಅದನ್ನು ಮೊದಲು ಕುಡಿದು ನಾಯಕನನ್ನು ಉಳಿಸಬೇಕು. ಜ್ಯೂಸು ಕುಡಿದ ನಾಯಕಿಗೆ ತಲೆ ಸುತ್ತಬೇಕು. ಇದನ್ನೆಲ್ಲ ನೋಡಿ ನಗುವವರ ಗುಂಪಿನಲ್ಲಿ ನಾನೇ ಮುಂದೆ ಇದ್ದವನು.

ಜೆ.ಪಿ. ನಗರದ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಕಥೆಯ ಚರ್ಚೆ ನಡೆಯುತ್ತಿತ್ತು. ಹೆಂಡತಿ ಗಂಡನಿಗೆ ವಿಷ ಹಾಕಬೇಕು, ಕೂಡು ಕುಟುಂಬ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ. ಅಲ್ಲಿಗೆ ಬಂದು ಗಾಡಿ ನಿಂತಿತ್ತು. "ಎಲ್ರಿಗೂ ಒಂದೇ ಪಾತ್ರೆಯಿಂದ ಬಡಿಸ್ತಾಳೆ, ಅವನೊಬ್ಬನೇ ಹೆಂಗೆ ಸಾಯ್ತಾನೆ ಗುರು? ಲಾಜಿಕ್ ಬೇಡ್ವಾ?" ಅಂದರು ನಿರ್ದೇಶಕರು. ಅದು ನನ್ನ ಮೊದಲ ದೊಡ್ಡ ಅವಕಾಶ. ನಾಳೆ ಕರೆಯುತ್ತಾರೋ ಇಲ್ಲವೋ ಅನ್ನುವ ಕಾಲ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಬಾಯಿಂದ ಬಂತು —

"ಅವನಿಗೆ ಬೇರೆ ಪಾತ್ರೆ ಸಾರ್. ಚಿಕ್ಕದು. ಮುಚ್ಚಳ ಇರುತ್ತೆ."

"ಸಖತ್ ಮಗಾ! ಎಲ್ಲಿ ಹೊಳೀತು?"

"ಸುಮ್ನೆ ಹೊಳೀತು ಸಾರ್."

ಆಮೇಲೆ ಕೈ ತಾನಾಗಿ ಓಡಿತು. ಶಾವಿಗೆ ಪಾಯಸವನ್ನೂ ಬರೆದೆ. ಗಂಡ "ಆಹಾ" ಅನ್ನುವುದನ್ನೂ ಬರೆದೆ. ಬಡಿಸಿದ ಮೇಲೆ ಅವಳು ಸೆರಗಿನಿಂದ ಮುಚ್ಚಳ ಒರೆಸುವುದನ್ನು — ಅದು ಅತ್ತಿಗೆಯ ಅಭ್ಯಾಸ — ಅದನ್ನೂ ಬಿಡಲಿಲ್ಲ. ಚಿತ್ರೀಕರಣದ ದಿನ ನಾನೂ ಹೋಗಿದ್ದೆ. ನಿಜವಾದ ಪಾಯಸವನ್ನೇ ಮಾಡಿಸಿದ್ದರು. ಟೇಕು ಮುಗಿದ ಮೇಲೂ ಆ ನಟ ಉಳಿದದ್ದನ್ನು ಚಮಚದಲ್ಲಿ ಕೆರೆದು ತಿಂದ. ಸಾವಿನ ದೃಶ್ಯದಲ್ಲಿ ನಟಿಸಿದವರನ್ನು ಕೊನೆಗೆ ಎಬ್ಬಿಸಿ ನಗಿಸಿ ಒಂದು ಶಾಟ್ ತೆಗೆಯುತ್ತಾರೆ, ದೋಷ ಅಂಟದಿರಲಿ ಅಂತ. ಅವನು ಎದ್ದು ಕ್ಯಾಮೆರಾ ನೋಡಿ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ದೋಷ ಯಾರಿಗೆ ಅಂಟಲಿದೆ ಅಂತ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ಸಿನಿಮಾ ಓಡಿತು. ನನ್ನ ಹೆಸರು ಪರದೆಯ ಮೇಲೆ ಬರುತ್ತದೆ ಅನ್ನುವ ಹೆಮ್ಮೆಗೆ ಅಜ್ಜಿಯನ್ನೂ ನಿನ್ನನ್ನೂ ಥಿಯೇಟರಿಗೆ ನಾನೇ ಕರೆದುಕೊಂಡು ಹೋದೆ. ನೀನು ನಮ್ಮಿಬ್ಬರ ನಡುವೆ ಕೂತಿದ್ದೆ. ಆ ದೃಶ್ಯ ಬಂತು. ಚಿಕ್ಕ ಪಾತ್ರೆ ಬಂತು. ಅಜ್ಜಿ ನಿನ್ನ ಕೈ ಹಿಡಿದು ಬಗ್ಗಿ ಹೇಳಿದಳು, "ನೋಡಿದ್ಯಾ ಪುಟ್ಟಿ? ಹೀಗೇ."

ಮುಂದಿನ ಭಾನುವಾರ ನಿನ್ನ ಅಮ್ಮ ಎಂದಿನ ಹಾಗೆ ನಿನಗೆ ತಿಂಡಿಯ ಡಬ್ಬಿ ತಂದರು. ಅವತ್ತಿನವರೆಗೂ ಅಜ್ಜಿಯ ಕಣ್ಣು ತಪ್ಪಿಸಿ ಮೆಟ್ಟಿಲ ಮೇಲೆ ಕೂತು ಗಬಗಬ ತಿನ್ನುತ್ತಿದ್ದವಳು ನೀನು. ಅವತ್ತು ಕೈ ಹಿಂದಕ್ಕೆ ಕಟ್ಟಿಕೊಂಡು "ನಂಗೆ ಹೊಟ್ಟೆ ನೋವು," ಅಂದೆ. ಅವರು ಹೊರಟಾಗ ನಾನು ಗೇಟಿನವರೆಗೆ ಹೋದೆ. "ನಾನೂ ನೋಡಿದೆ ನಿನ್ನ ಸಿನಿಮಾ," ಅಂದರು. "ನನ್ನ ಬಿಟ್ರೆ ನಿಜ ಗೊತ್ತಿದ್ದವನು ನೀನೊಬ್ಬನೇ ಅಲ್ವೇನೋ?"

"ಅದು ಬರೀ ಕಥೆ ಅತ್ತಿಗೆ," ಅಂದೆ ನಾನು.

ಬರೀ ಕಥೆ. ಆ ದೃಶ್ಯದ ತುಣುಕು ಈಗಲೂ ಜನರ ಫೋನುಗಳಲ್ಲಿ ಓಡಾಡುತ್ತದೆ. ಹೆಂಡತಿ ಬೇರೆ ಪಾತ್ರೆಯಲ್ಲಿ ಬಡಿಸಿದರೆ ಹುಷಾರು ಅಂತ ತಮಾಷೆ ಮಾಡಿ ಕಳಿಸುತ್ತಾರೆ. ಅದರಿಂದ ನನಗೆ ಕೆಲಸ ಸಿಕ್ಕಿತು, ಹೆಸರು ಬಂತು. ಅಜ್ಜಿ ಇರುವವರೆಗೆ ಬಾಯಿ ಬಿಡುವುದು ಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಅಜ್ಜಿ ಹೋದಳು. ಹೋದ ಮೇಲೂ ಹೇಳಲಿಲ್ಲ — ಇನ್ನು ಯಾರ ಹೆಸರು ಹೇಳಿ ತಪ್ಪಿಸಿಕೊಳ್ಳಲಿ?

ಮೊನ್ನೆ ನಿನ್ನ ಹುಟ್ಟುಹಬ್ಬಕ್ಕೆ ಅವರು ಗೊಜ್ಜವಲಕ್ಕಿ ತಂದಿದ್ದರು. ದೊಡ್ಡವಳಾಗಿದ್ದೀಯ, ಈಗ ಹೊಟ್ಟೆ ನೋವು ಅನ್ನುವುದಿಲ್ಲ. "ಆಮೇಲೆ ತಿಂತೀನಿ ಅಮ್ಮ, ಅಲ್ಲಿಡು," ಅಂದೆ. ಅವರು ಹೋದ ಮೇಲೆ ನೀನು ಅದನ್ನು ಕಸದ ಬುಟ್ಟಿಗೆ ಸುರಿದೆ. ಹಿಂದೆ ನಾನು ನಿಂತದ್ದು ನೋಡಿ ಮೆಲ್ಲಗೆ ಕೇಳಿದೆ, "ಚಿಕ್ಕಪ್ಪ, ಅಮ್ಮ ನಿಜವಾಗ್ಲೂ ಅಪ್ಪಂಗೆ ಏನಾದ್ರೂ ಹಾಕಿದ್ಳಾ?" ನಿನ್ನ ಕಣ್ಣಲ್ಲಿ ಆಸೆ ಇತ್ತು, ಸಿರಿ. ಇಲ್ಲ ಅಂತ ಯಾರಾದರೂ ಹೇಳಲಿ ಅನ್ನುವ ಆಸೆ. ನಾನು "ಅದೆಲ್ಲ ಹಳೇ ವಿಷಯ ಬಿಡು," ಅಂದೆ. ಆಗಲೂ.

ನಿನ್ನೆ ಕತ್ರಿಗುಪ್ಪೆಗೆ, ಈಗ ಅವರು ಒಬ್ಬರೇ ಇರುವ ಮನೆಗೆ, ಹೋಗಿದ್ದೆ. ಸಿರಿಗೆ ಎಲ್ಲ ಹೇಳ್ತೀನಿ ಅತ್ತಿಗೆ ಅಂದೆ. "ಹೇಳು. ಅವರಪ್ಪನ ಮೇಲೆ ಸಿಟ್ಟು ಬರೋ ಹಾಗೆ ಹೇಳ್ಬೇಡ," ಅಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಆಮೇಲೆ ಊಟಕ್ಕೆ ಏಳು ಅಂದರು.

ಅತ್ತಿಗೆ ಎಂಥ ಮಡಿಯವರು ಅಂತ ನಿನಗೆ ನೆನಪಿರಲಿಕ್ಕಿಲ್ಲ. ದೇವರಿಗೆ ನೈವೇದ್ಯವಾಗದೆ, ಮನೆಯವರದ್ದೆಲ್ಲ ಊಟವಾಗದೆ, ಸಾರಿನ ಉಪ್ಪು ಕೂಡ ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ನಿನ್ನೆ ನನ್ನ ತಟ್ಟೆಗೆ ಬಡಿಸುವ ಮುಂಚೆ ಅವರು ಅನ್ನ, ಹುಳಿ, ಪಲ್ಯ ಎಲ್ಲವನ್ನೂ ಚೂರು ಚೂರು ತಮ್ಮ ಅಂಗೈಗೆ ಹಾಕಿಕೊಂಡರು. ನನ್ನ ಎದುರಿಗೇ ನಿಂತು ತಿಂದರು. ನುಂಗುವವರೆಗೂ ನಿಂತರು. ಆಮೇಲೆ ಬಡಿಸಿದರು.

"ಇದೇನು ಅತ್ತಿಗೆ?" ಅಂದೆ.

"ಯಾರು ಬಂದ್ರೂ ಹೀಗೇ ಕಣೋ. ಅವರಿಗೂ ಧೈರ್ಯವಾಗಿ ಉಣ್ಣೋಕಾಗುತ್ತೆ," ಅಂದರು, ಉಪ್ಪಿನಕಾಯಿ ಬೇಕಾ ಅಂತ ಕೇಳುವಷ್ಟು ಸಹಜವಾಗಿ.