ಹೊಡೆಯಲಿಕ್ಕೆ ಒಂದು ಚೀಲ ಹತ್ತಿ

ಯುದ್ಧ ಮುಗಿದ ಹೊಸತು. ರೈಲ್ವೆ ಕಾರ್ಖಾನೆಯ ಫಿಟರ್ ಒಬ್ಬ ನನ್ನ ಹತ್ತಿ ಅಂಗಡಿಗೆ ಬಂದು ಒಂದು ಚೀಲ ಹತ್ತಿ ಕೇಳಿದ. ಗಾದಿಗೋ ದಿಂಬಿಗೋ ಎಂದೆ.

"ಹೊಡ್ಯಾಕ್ರಿ, ಸಾವಕಾರ್ರ."

ಪಲ್ಟನ್ನಿನಲ್ಲಿ ಬಾಕ್ಸಿಂಗ್ ಕಲಿತವನಂತೆ. ಚೀಲ ತುಂಬಿ, ತೂಗುಹಾಕಿ ಗುದ್ದುತ್ತಾನಂತೆ.

ನಾನೂ ಹತ್ತೊಂಬತ್ತನೇ ವಯಸ್ಸಿನ ತನಕ ತಾಲೀಮಿನ ಮಣ್ಣಿನಲ್ಲಿ ಕುಸ್ತಿ ಆಡಿದವನು. ಅಪ್ಪ ತೀರಿಕೊಂಡ ವಾರ ಅಂಗಡಿಯಲ್ಲಿ ಕೂತವನು ಮತ್ತೆ ಅತ್ತ ಹೋಗಲಿಲ್ಲ.

"ನನಗೂ ಒಮ್ಮಿ ತೋರಸಪಾ," ಎಂದೆ.

ಗೋಡೆಗೆ ಒರಗಿದ್ದ ಆಳೆತ್ತರದ ಹತ್ತಿ ಮೂಟೆ, ಅಂಡಿಗೆಯ ಮುಂದೆ ನನ್ನನ್ನು ನಿಲ್ಲಿಸಿದ. ಮುಷ್ಟಿ ಬಿಗಿದೆ. ನಕ್ಕುಬಿಟ್ಟ.

"ಹೆಬ್ಬೆರಳು ಒಳಗ ಯಾಕ ಅಡಗಿಸೀರಿ? ಹೊಡದ್ರ ಮುರೀತೈತ್ರಿ."

ಇಪ್ಪತ್ತು ವರ್ಷ ಬೇರೆಯವರಿಗೆ ಕಾಣದಂತೆ ಹೆಗಲ ವಲ್ಲಿಯ ಕೆಳಗೆ ಖರೀದಿದಾರರ ಬೆರಳು ಹಿಡಿದು ದರ ಕುದುರಿಸಿದ ಕೈ ಅದು. ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಅವನೇ ಅದನ್ನು ಬಿಡಿಸಿ ಬೆರಳುಗಳ ಮೇಲೆ ಕೂಡಿಸಿದ.

"ಬರೇ ಕೈಲೆ ಹೊಡೀಬ್ಯಾಡ್ರಿ. ಹಿಂದಿನ ಕಾಲಿನ ಹಿಮ್ಮಡ ಎತ್ರಿ, ಸೊಂಟ ತಿರಗಸ್ರಿ, ಭುಜ ಮುಂದ ಬರಲಿ. ಕೈ ಎಲ್ಲಾದಕಿಂತ ಕಡೀಕ."

ಹೊಡೆದೆ. ಅಂಡಿಗೆಯಲ್ಲಿ ಧಪ್ಪೆಂದು ತಗ್ಗು ಬಿತ್ತು. ಮೈಯೆಲ್ಲ ಒಮ್ಮೆ ಹತ್ತೊಂಬತ್ತಕ್ಕೆ ಹೋಗಿ ಬಂತು.

"ಛಲೋ ಬಿತ್ರಿ! ಐತವಾರ ನಮ್ಮ ಕಡೆ ಬರ್ರಿ, ಕಲಸ್ತೇನಿ."

ಬರುತ್ತೇನೆಂದೆ. ಆ ಐತವಾರ ಮುಂಬಯಿಯ ಖರೀದಿದಾರ ಬಂದ, ಮುಂದಿನದಕ್ಕೆ ಬೀಗರು ಬಂದರು. ಅಷ್ಟರಲ್ಲಿ ಫಿಟರನಿಗೆ ವರ್ಗವಾಯಿತು.

ಈಗಲೂ ಅಂಗಡಿ ಖಾಲಿಯಿದ್ದಾಗ ಹಿಮ್ಮಡ ಎತ್ತಿ ಅಂಡಿಗೆಗೆ ಒಂದು ಗುದ್ದು ಕೊಡುತ್ತೇನೆ. ಅದನ್ನು ಯಾರೋ ಕಂಡು, ಸಾವಕಾರರು ಗುದ್ದಿ ಹತ್ತಿಯಲ್ಲಿ ಹಸಿ, ತೇವ ಇದೆಯೇ ಎಂದು ನೋಡುತ್ತಾರೆಂದು ಪೇಟೆಯಲ್ಲಿ ಸುದ್ದಿಯಾಗಿ, ಖರೀದಿದಾರರೂ ಗುದ್ದಿ ನೋಡತೊಡಗಿದ್ದಾರೆ; ಪಾಪ, ಎಲ್ಲರೂ ಹೆಬ್ಬೆರಳು ಒಳಗಿಟ್ಟುಕೊಂಡೇ.